ಒಂದನೇ ಕಾಲುವೆಯ ಪಾಚಿ

ಮಾರ್ಚ್ 2, ಸೋಮವಾರ

ಪ್ರೀತಿಯ ಗುಬ್ಬಿಗೆ,

ಬಾಟಲಿ ಹನ್ನೆರಡು, ಚೀಟಿ ಹನ್ನೆರಡು. ಎರಡೆರಡು ಸಲ ಎಣಿಸಿ ಪೆಟ್ಟಿಗೆಗೆ ಹಾಕಿದ್ದೇನೆ. ನಾಳೆ ಹಾಲಿನ ವ್ಯಾನಿನವನು ನಿನ್ನ ಪ್ರಯೋಗಾಲಯದ ಬಾಗಿಲಿಗೆ ಇಳಿಸುತ್ತಾನೆ. ಫೋನ್ ಮಾಡಿ ಎಂದು ನೀನು ಹೇಳಿದ್ದೆ. ಮೂವತ್ತೊಂದು ವರ್ಷ ಪಂಪ್‌ಹೌಸಿನ ಸದ್ದು ಕುಡಿದ ಈ ಕಿವಿಗೆ ಫೋನಿನಲ್ಲಿ ನಿನ್ನ ಧ್ವನಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಆದ್ದರಿಂದ ಪೆಟ್ಟಿಗೆಯ ಜೊತೆ ಕಾಗದವೇ ಬರುತ್ತದೆ, ಸಹಿಸಿಕೋ.

ನೀನು ಹೇಳಿಕೊಟ್ಟದ್ದನ್ನು ಸರಿಯಾಗಿ ಮಾಡಿದ್ದೇನೆಯೇ ನೋಡು. ಹಳ್ಳದ ದಂಡೆಯ ಮೇಲೆ ಮರದ ಕಾಲುವೆ ಮೂರೂ ಅಲುಗದೆ ನಿಂತಿವೆ. ಪೈಪಿನಲ್ಲಿ ಬಂದ ಹಳ್ಳದ ನೀರು ಮೂರರಲ್ಲೂ ಒಂದೇ ಸಮ ಹರಿಯುತ್ತಿದೆ. ಅದು ನನ್ನ ಕಸುಬು, ಅದರಲ್ಲಿ ಹುಳುಕು ಹುಡುಕಬೇಡ. ಪ್ರತಿಯೊಂದರಲ್ಲೂ ಹಳ್ಳದ ಕಲ್ಲುಗಳು, ಕಲ್ಲಿನ ಮೇಲೆ ಹುಳುಗಳು, ಪಕ್ಕದಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳು. ವಾರಕ್ಕೊಮ್ಮೆ ಕಲ್ಲಿನ ಹುಳುಗಳನ್ನು ಸ್ಪಿರಿಟ್ ಬಾಟಲಿಗೆ ತೊಳೆದುಕೊಳ್ಳುವುದು, ಬಿಲ್ಲೆಯ ಮೇಲೆ ಕಟ್ಟಿದ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಇನ್ನೊಂದು ಬಾಟಲಿಗೆ ತುಂಬುವುದು. ನಿನ್ನ ಅತ್ತೆ ಅದನ್ನು ನೋಡಿ, "ನಿಮ್ಮ ಹಲ್ಲಿಗೇ ಇಷ್ಟು ಉಪಚಾರ ಮಾಡಿದ್ರೆ ಇನ್ನೆರಡು ಉಳೀತಿದ್ವು" ಎಂದಳು.

ಈ ಶುಕ್ರವಾರದಿಂದ ಔಷಧಿ ಶುರು. ಎರಡನೇ ಕಾಲುವೆಗೆ ಅರ್ಧ ಸೌಟು, ಮೂರನೆಯದಕ್ಕೆ ಒಂದು ಸೌಟು, ಒಂದನೆಯದಕ್ಕೆ ಏನೂ ಇಲ್ಲ. ಔಷಧಿ ಬಿದ್ದ ನೀರು ಇದ್ದಿಲಿನ ಗುಂಡಿಗೆ ಇಳಿಯುತ್ತದೆ, ಹಳ್ಳಕ್ಕೆ ಹೋಗುವುದಿಲ್ಲ. ಹುಳ ಕೊಲ್ಲುವ ವಿಷಕ್ಕೂ ಔಷಧಿ ಅನ್ನುತ್ತೇವಲ್ಲ, ನಮ್ಮ ಬಾಯಿಗೆ ಏನು ಹೇಳಬೇಕೋ!

ನಿಮ್ಮ ಮುಖ್ಯಸ್ಥರಿಗೆ ನನ್ನ ವಯಸ್ಸಿನ ಮೇಲೆ ಅನುಮಾನವಿತ್ತಂತೆ. ನೀನು ಹಟ ಹಿಡಿದು ಈ ಕೆಲಸ ಕೊಡಿಸಿದೆ ಎಂದು ನಿನ್ನ ಅಮ್ಮ ಬರೆದಿದ್ದಾಳೆ. ನಿನ್ನ ಮಾತು ಹೋಗುವಂಥದ್ದನ್ನು ನಾನು ಮಾಡುವುದಿಲ್ಲ.

ನಿನ್ನ ಮಾವ


ಮಾರ್ಚ್ 5, ಗುರುವಾರ

ಮಾವನಿಗೆ ನಮಸ್ಕಾರ.

ಒಂದು ಬಾಟಲಿಯೂ ಸೋರಿಲ್ಲ. ನಿಮ್ಮ ಚೀಟಿಗಳನ್ನು ನೋಡಿ ಇಲ್ಲಿಯವರಿಗೆಲ್ಲ ನಾಚಿಕೆಯಾಯಿತು, ಅಷ್ಟು ದುಂಡಗಿನ ಅಕ್ಷರ. ಒಂದನೇ ಕಾಲುವೆಯಲ್ಲಿ ನಿಮ್ಮ ಭಾಷೆಯ "ಮೂರುಬಾಲದವು" ಅರವತ್ತೆಂಟು, ಎಲೆಚೂರು ಅಂಟಿಸಿ ಮನೆ ಕಟ್ಟಿಕೊಳ್ಳುವ "ಗೂಡಿನವು" ಹತ್ತೊಂಬತ್ತು. ಉಳಿದೆರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ.

ಇವುಗಳ ಮೇಲೆ ಇಷ್ಟೇಕೆ ಕಾಳಜಿ ಎಂದು ಹೋದ ಸಲ ಕೇಳಿದ್ದಿರಿ. ಕಲ್ಲಿನ ಮೇಲೆ ಬೆಳೆಯುವ ಪಾಚಿಯನ್ನು ಮೇಯುವುದೇ ಇವು. ಇವಿದ್ದರೆ ಕಲ್ಲು ಕಂದಾಗಿ, ಒರೆಸಿಟ್ಟ ಹಾಗಿರುತ್ತದೆ. ಕೀಟನಾಶಕಕ್ಕೆ ಪಾಚಿ ಸುಲಭಕ್ಕೆ ಜಗ್ಗುವುದಿಲ್ಲ, ಹುಳುಗಳು ಸಾಯುತ್ತವೆ. ಮೇಯುವವರಿಲ್ಲದೆ ಪಾಚಿ ಹಬ್ಬುತ್ತದೆ. ಅದಕ್ಕೇ ಹುಳುವಿನ ಬಾಟಲಿಯನ್ನೂ ಪಾಚಿಯ ಬಾಟಲಿಯನ್ನೂ ಜೊತೆಯಲ್ಲಿಟ್ಟು ನೋಡಬೇಕು. ಹುಳು ಎಣಿಸುವುದು ಒಂದು ಗಂಟೆಯ ಕೆಲಸ. ಪಾಚಿಯದು ಬಾಟಲಿಗೆ ಅರ್ಧ ದಿನ ತಿನ್ನುತ್ತದೆ.

ಈಗ ಹೊಸ ವಿಷಯ. ಕಾಲುವೆಗಳಿಂದ ಕೆಳಗಡೆ ಪಟ್ಟಣಕ್ಕೆ ಕುಡಿಯುವ ನೀರೆತ್ತಲು ತೊಟ್ಟಿ ಕಟ್ಟಿದ್ದಾರಲ್ಲ, ಅದರ ವಾಲ್ವನ್ನು ಏಪ್ರಿಲ್ 3ಕ್ಕೆ ತಿರುಗಿಸುತ್ತಾರಂತೆ. ಹಳ್ಳದ ನೀರು ಚೆನ್ನಾಗಿದೆ ಎಂದು ನಮ್ಮಿಂದ ಪತ್ರ ಕೇಳಿದ್ದಾರೆ. ಒಂದನೇ ಕಾಲುವೆಯಲ್ಲಿ ಹರಿಯುವುದು ಬರೀ ಹಳ್ಳದ ನೀರು ತಾನೆ? ಅದರ ಲೆಕ್ಕ ನೋಡಿ ನಾನು ಸಹಿ ಮಾಡಬೇಕು. ಹಾಗಾಗಿ ಒಂದನೆಯದರ ಮೇಲೆ ಕಣ್ಣಿಟ್ಟಿರಿ.

ಅತ್ತೆಯನ್ನು ಕೇಳಿದೆನೆಂದು ಹೇಳಿ.

ಗುಬ್ಬಿ


ಮಾರ್ಚ್ 9, ಸೋಮವಾರ

ಗುಬ್ಬಿಗೆ,

ಬಾಟಲಿ ಹನ್ನೆರಡು. ಶುಕ್ರವಾರ ಔಷಧಿ ಹಾಕಿದೆ. ಎರಡು ಮತ್ತು ಮೂರರಲ್ಲಿ ಆಗಬೇಕಾದದ್ದು ಆಗಿದೆ. ಒಂದನೆಯದು ಚೆನ್ನಾಗಿದೆ.

ಸುಮ್ಮನೆ ಕೇಳುತ್ತೇನೆ. ಔಷಧಿ ಕಲೆಸಿದ ಕ್ಯಾನನ್ನು ತೊಳೆದರೆ ಆ ನೀರಿನಲ್ಲಿ ಎಷ್ಟು ಉಳಿದಿರುತ್ತದೆ? ಒಂದು ಚೊಂಬಿನಷ್ಟು ತೊಳೆದ ನೀರಿಗೆ ಹುಳು ಸಾಯುತ್ತದೆಯೇ?

ಮಂಡಿ ನೋವು. ಹೆಚ್ಚು ಬರೆಯಲಾರೆ.

ಮಾವ


ಮಾರ್ಚ್ 12, ಗುರುವಾರ

ಪ್ರೀತಿಯ ಮಾವ,

ಮಂಡಿಗೆ ಬಿಸಿನೀರಿನ ಶಾಖ ಕೊಡಿ, ತಣ್ಣೀರಿನಲ್ಲಿ ನಿಲ್ಲುವುದನ್ನು ಕಡಿಮೆ ಮಾಡಿ. ಅದೇನು ನಿಮ್ಮ ಕಾಗದ, ತಂತಿ ಸಂದೇಶದ ಹಾಗೆ?

ಕ್ಯಾನಿನ ವಿಷಯ: ಸಾಯುತ್ತದೆ. ಈ ಔಷಧಿಯ ಗುಣವೇ ಅದು, ತೊಳೆದ ನೀರಿನ ಒಂದು ಲೋಟವೂ ಸಾಕು. ನೀವು ಗುಂಡಿಯಲ್ಲೇ ತೊಳೆಯುತ್ತೀರಲ್ಲ, ಚಿಂತೆ ಬಿಡಿ.

ನನಗೆ ಈ ವಾರ ಕುಣಿಯುವಷ್ಟು ಸಂತೋಷ. ಒಂದನೇ ಕಾಲುವೆಯಲ್ಲಿ ಎಪ್ಪತ್ತೊಂದು ಮೂರುಬಾಲದವು! ಜೊತೆಗೆ ಗೂಡಿನವುಗಳಲ್ಲಿ ಹೊಸ ಜಾತಿ, ಮರಳಿನ ಕಣ ಪೋಣಿಸಿ ಗೂಡು ಮಾಡುವಂಥದ್ದು. ನಮ್ಮ ಹಳ್ಳದಲ್ಲಿ ಇದುವರೆಗೆ ಕಂಡಿರಲಿಲ್ಲ. ಮೇಲಿನಿಂದ ಹೊಸಬರು ಬರುತ್ತಿದ್ದಾರೆಂದರೆ ಹಳ್ಳದ ಆರೋಗ್ಯಕ್ಕೆ ಇನ್ನೇನು ಸಾಕ್ಷಿ ಬೇಕು? ಪಾಚಿಯೂ ಸರಿಯಾಗಿದೆ. ನೀರು ಚೆನ್ನಾಗಿದೆ ಎಂದು ನಿನ್ನೆಯೇ ಸಹಿ ಹಾಕಿ ಕಳಿಸಿಬಿಟ್ಟೆ. ಮುಖ್ಯಸ್ಥರು ಮೊದಲ ಸಲ ನನಗೆ ಕುರ್ಚಿ ತೋರಿಸಿ ಕೂರಲು ಹೇಳಿದರು.

ಗುಬ್ಬಿ


ಮಾರ್ಚ್ 16, ಸೋಮವಾರ

ಗುಬ್ಬಿಗೆ,

ಇಷ್ಟು ಅವಸರದಲ್ಲಿ ಯಾಕೆ ಸಹಿ ಹಾಕಿದೆ? ಇನ್ನೂ ಮೂರು ವಾರ ಸಮಯವಿತ್ತಲ್ಲ.

ಬಿಲ್ಲೆಯ ಬಾಟಲಿಗಳನ್ನು ನೀನೇ ಕಣ್ಣಾರೆ ನೋಡಿದೆಯಾ, ಬೇರೆ ಯಾರಿಗಾದರೂ ಕೊಟ್ಟೆಯಾ? ಒಂದನೆಯದರ ಬಿಲ್ಲೆಗಳು ನನ್ನ ಕಣ್ಣಿಗೆ ಹಸಿರಾಗಿ ಕಾಣುತ್ತಿವೆ. ನನ್ನ ಕಣ್ಣಿಗೆ ವಯಸ್ಸಾಯಿತೋ ಏನೋ. ನೀನು ಸರಿಯಾಗಿ ನೋಡಿ ಬರೆ. ಒಂದನೆಯದರ ಬಾಟಲಿಯನ್ನೇ ಮೊದಲು ತೆಗೆ.

ಮಾವ


ಮಾರ್ಚ್ 19, ಗುರುವಾರ

ಮಾವ,

ನೋಡಿದೆ, ಸರಿಯಾಗಿದೆ. ನೀವು ಸಂಗ್ರಹಿಸಿ ಕಳಿಸಿ, ನೋಡುವ ತಲೆನೋವು ನನ್ನದು. ಇಲ್ಲಿ ನನಗೆ ಉಸಿರಾಡಲು ಪುರುಸೊತ್ತಿಲ್ಲ, ವರದಿ ಬರೆಯಬೇಕು, ಜೊತೆಗೆ ಇನ್ನೆರಡು ಹಳ್ಳಗಳ ಬಾಟಲಿಗಳೂ ಬಂದು ಬಿದ್ದಿವೆ. ಪ್ರತಿ ವಾರ ನನ್ನನ್ನು ಪರೀಕ್ಷೆಗೆ ಕೂರಿಸಬೇಡಿ.

ಗಡುಸಾಗಿ ಬರೆದೆನೇನೋ. ಬೇಜಾರಾಗಬೇಡಿ.

ಗುಬ್ಬಿ


ಮಾರ್ಚ್ 26, ಗುರುವಾರ

ಮಾವ,

ಈ ವಾರದ ಪೆಟ್ಟಿಗೆಯಲ್ಲಿ ಕಾಗದವೇ ಇರಲಿಲ್ಲ. ತಳದ ಹುಲ್ಲನ್ನೂ ಕೆದಕಿ ನೋಡಿದೆ. ಕೋಪವೇ?

ಕೋಪವಿದ್ದರೂ ಇದಕ್ಕೆ ಉತ್ತರ ಕೊಡಿ. ಒಂದನೇ ಕಾಲುವೆಯ ಹುಳು ಅರವತ್ತಮೂರು. ಅದೇ ಕಾಲುವೆಯ ಪಾಚಿ ಮೂರನೆಯದಕ್ಕಿಂತ ದಟ್ಟ! ಅರವತ್ತಮೂರು ಜನ ಊಟಕ್ಕೆ ಕೂತಿದ್ದಾರೆ, ಎಲೆಯ ಮೇಲಿನ ಅನ್ನ ಹಾಗೇ ಇದೆ. ಇದು ಸಾಧ್ಯವೇ ಇಲ್ಲ. ನೀವು ಪಾಚಿಯ ಬಾಟಲಿಗಳ ಚೀಟಿಗಳನ್ನು ಅದಲುಬದಲು ಮಾಡಿದ್ದೀರಿ. ಒಂದನೆಯದನ್ನು ಮೂರಕ್ಕೆ, ಮೂರನೆಯದನ್ನು ಒಂದಕ್ಕೆ ಅಂಟಿಸಿದ್ದೀರಿ. ಯಾವ ವಾರದಿಂದ ಹೀಗಾಗಿದೆ? ನೆನಪು ಮಾಡಿಕೊಳ್ಳಿ. ನನ್ನ ಸಹಿ ನೀರು ಸರಬರಾಜು ಕಚೇರಿಯಲ್ಲಿ ಕೂತಿದೆ, ವಾಲ್ವಿಗೆ ಎಂಟೇ ದಿನ. ಇದು ಬರೀ ಚೀಟಿಯ ತಪ್ಪು ಎಂದು ನೀವು ಬರೆದು ಕೊಟ್ಟರೆ ನನಗೆ ನೆಮ್ಮದಿ.

ಗುಬ್ಬಿ


ಮಾರ್ಚ್ 27, ಶುಕ್ರವಾರ

ಪ್ರಯೋಗಾಲಯದ ಮೇಡಂ ಅವರಿಗೆ,

ಮೂವತ್ತೊಂದು ವರ್ಷ ನಾನು ದಿನಕ್ಕೆ ಹದಿನಾಲ್ಕು ಮೀಟರು ಓದಿ ಪುಸ್ತಕದಲ್ಲಿ ಬರೆದವನು. ಒಂದು ಅಂಕಿ ಅತ್ತಿತ್ತ ಆಗಲಿಲ್ಲ. ಚೀಟಿ ಅದಲುಬದಲಾಗಿಲ್ಲ. ಒಂದು ಒಂದೇ, ಮೂರು ಮೂರೇ.

ಎರಡು ವಾರದ ಹಿಂದೆ ಪಾಚಿಯೂ ಸರಿಯಾಗಿದೆ ಎಂದು ಬರೆದವರು ಯಾರು? ಮೊನ್ನೆ ಸರಿಯಿದ್ದದ್ದು ಇವತ್ತು ಹೇಗೆ ಕೆಟ್ಟಿತು ಎಂದು ಮೊದಲು ನನಗೆ ಹೇಳು.

ಮಾವ


ಮಾರ್ಚ್ 29, ಭಾನುವಾರ

ಗುಬ್ಬಿ,

ಶುಕ್ರವಾರ ಅಂಚೆಗೆ ಹಾಕಿದ ಕಾಗದವನ್ನು ಹರಿದು ಹಾಕು. ಇದನ್ನು ಮಂಗಳವಾರದ ತನಕ ಇಟ್ಟುಕೊಳ್ಳಲಾರೆ, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಚೀಟಿ ಸರಿಯಾಗಿದೆ. ಹುಳುಗಳೇ ಸುಳ್ಳು.

ಮಾರ್ಚ್ 7ರ ಬೆಳಿಗ್ಗೆ ಕಾಲುವೆಗೆ ಹೋದೆ. ಒಂದನೆಯದರ ಕೊನೆಯಲ್ಲಿ, ಕೊಚ್ಚಿಹೋದದ್ದನ್ನು ಹಿಡಿಯಲು ಕಟ್ಟಿದ ಬಲೆಯಲ್ಲಿ ಹುಳುಗಳೆಲ್ಲ ಸತ್ತು ಮುದ್ದೆಯಾಗಿದ್ದವು. ಹಿಂದಿನ ದಿನ ಮೊದಲ ಸಲ ಔಷಧಿ ಹಾಕಿದ್ದೆ. ಕ್ಯಾನನ್ನು ಎಲ್ಲಿ ತೊಳೆದೆ ಎಂದು ಯೋಚಿಸಿದರೆ ನೆನಪಿಗೇ ಬರಲಿಲ್ಲ, ಗುಬ್ಬಿ. ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ಒಂದನೆಯದರ ಬಾಯಿಯ ಹತ್ತಿರವೇ ಚೆಲ್ಲಿರಬೇಕು ಎಂದುಕೊಂಡೆ. ನಿಮ್ಮ ಮುಖ್ಯಸ್ಥರ ಅನುಮಾನ ನಿಜವಾಯಿತು, ಮುದುಕನಿಗೆ ಮರೆವು ಹಿಡಿಯಿತು ಅನ್ನಿಸಿತು. ಭಾನುವಾರ ಬಕೆಟ್ ಹಿಡಿದು, ಸೇತುವೆಯ ಕೆಳಗೆ ಬಂದು ಸೇರುವ ಮರಿಹಳ್ಳಕ್ಕೆ ಹೋದೆ. ಅಲ್ಲಿಯ ಹುಳುಗಳನ್ನು ಹಿಡಿದು ತಂದು, ಬಾಟಲಿಗೆ ತೊಳೆಯಬೇಕಾದ ಕಲ್ಲುಗಳ ಮೇಲೆ ಬಿಟ್ಟೆ. ನೀನು ಕುಣಿದಾಡಿದ ಮರಳುಗೂಡಿನ ಹೊಸಬರು ಅವೇ.

ಮುಂದಿನ ಶುಕ್ರವಾರ ಕ್ಯಾನನ್ನು ಗುಂಡಿಯಲ್ಲೇ, ನೋಡಿಕೊಂಡೇ ತೊಳೆದೆ. ಶನಿವಾರ ಮತ್ತೆ ಎಲ್ಲ ಸತ್ತಿದ್ದವು. ಹಲಗೆಯೇ ವಿಷ ಹೀರಿಕೊಂಡಿದೆ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಬಕೆಟ್ ಎತ್ತಿದೆ. ಮೂರನೇ ವಾರವೂ ಅದೇ. ಪಾಚಿಯನ್ನು ಮಾತ್ರ ನಾನು ಮುಟ್ಟಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಉಜ್ಜಿ ಕಳಿಸಿದೆ. ಅದನ್ನು ನೋಡಿ ನೀನೇ ನನ್ನನ್ನು ಹಿಡಿಯುತ್ತೀಯ ಎಂದು ಕಾದೆ. ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಇರಲಿಲ್ಲ.

ನಿನ್ನೆ ನಿನ್ನ ಅತ್ತೆ ಹೊಲಿದ ಬಟ್ಟೆ ಕೊಟ್ಟು ಸೇತುವೆ ದಾಟಿ ಬಂದಳು. ಬಾಗಿಲಲ್ಲೇ ನಿಂತು, "ಅಲ್ಲಾ, ಈ ವರ್ಷ ಸೇತುವೆ ಮೇಲೆ ತಲೆಗೆ ಒಂದು ಜೇಡರ ಬಲೆಯೂ ಸಿಗ್ತಿಲ್ಲ. ಜೇಡಗಳೆಲ್ಲ ಎಲ್ಲಿ ಸತ್ತು ಹೋದ್ವು?" ಎಂದಳು. ಹಳ್ಳದ ಹುಳುಗಳು ರೆಕ್ಕೆ ಬಂದು ಮೇಲೇಳುವುದನ್ನೇ ಕಾದು ಆ ಜೇಡಗಳು ಅಲ್ಲಿ ಬಲೆ ಕಟ್ಟುವುದು. ಕೂತಲ್ಲಿಂದ ಎದ್ದೆ. ಸೇತುವೆ ಇರುವುದು ಕಾಲುವೆಗಳಿಗಿಂತ ಮೇಲೆ, ನನ್ನ ಕ್ಯಾನಿನ ನೀರು ಅಲ್ಲಿಯ ತನಕ ಹೋಗಲು ದಾರಿಯೇ ಇಲ್ಲ.

ಮಂಡಿ ಕಟ್ಟಿಕೊಂಡು ಹಳ್ಳದಲ್ಲೇ ಮೇಲಕ್ಕೆ ನಡೆದೆ. ಹೆಜ್ಜೆಗೊಂದು ಕಲ್ಲು ಮಗುಚಿದೆ. ಒಂದರ ಕೆಳಗೂ ಜೀವವಿಲ್ಲ, ಎಲ್ಲ ಕಲ್ಲೂ ಹಸಿರು, ಕಾಲಿಟ್ಟರೆ ಜಾರುವಷ್ಟು. ಒಂದು ಮೈಲಿ ಹೋದ ಮೇಲೆ ಹೂವಿನ ನರ್ಸರಿ. ಅದರ ಹಿಂದೆ ಹಳ್ಳದೊಳಗೇ ನೀಲಿ ಡ್ರಮ್ಮುಗಳು. ಅಲ್ಲಿಂದ ಇಪ್ಪತ್ತು ಹೆಜ್ಜೆ ಮೇಲೆ ಹೋಗಿ ಕಲ್ಲು ಮಗುಚಿದರೆ ಮೂರುಬಾಲದವು ಬೆರಳಿನ ಮೇಲೇ ಹತ್ತಿದವು. ನರ್ಸರಿಯ ಮೇಸ್ತ್ರಿಯನ್ನು ಕೇಳಿದೆ.

"ಪ್ರತಿ ಶುಕ್ರವಾರ ಸಂಜೆ ಔಷಧಿ ಡ್ರಮ್ ತೊಳೀತೀವಿ ಯಜಮಾನ್ರೇ. ಹರಿಯೋ ನೀರು, ಏನಾಗುತ್ತೆ?" ಎಂದ.

"ಯಾವಾಗಿಂದ?" ಎಂದೆ.

"ಹೊಸ ಶೆಡ್ ಎದ್ದ ಮೇಲೆ. ಈ ತಿಂಗಳ ಮೊದಲ ವಾರದಿಂದ."

ತಪ್ಪು ನನ್ನ ಮರೆವಿನದ್ದಲ್ಲ ಎಂದು ಒಂದು ಗಳಿಗೆ ಹಗುರವಾಯಿತು. ಆಮೇಲೆ ನಿನ್ನ ಸಹಿ ನೆನಪಾಯಿತು. ಏಳನೇ ತಾರೀಖೇ ನಿನಗೆ ಎರಡು ಸಾಲು ಬರೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈಗ ಐದು ದಿನದಲ್ಲಿ ಪಟ್ಟಣ ಅದೇ ನೀರು ಕುಡಿಯಲಿದೆ. ಏನು ಮಾಡಲಿ ಹೇಳು.

ಮಾವ


ಮಾರ್ಚ್ 30, ಸೋಮವಾರ

ಮಾವ,

ಕಂಡಕ್ಟರ್ ಬೆಳಿಗ್ಗೆಯೇ ಕೊಟ್ಟು ಹೋದ. ನಿಂತಲ್ಲೇ ಓದಿದೆ. ಮೊದಲು ನಿಮ್ಮ ಮೇಲೆ ಎಷ್ಟು ಕೋಪ ಬಂತೆಂದರೆ ಬರೆಯಲಾರೆ. ಆಮೇಲೆ ನನ್ನ ಬೀರುವಿನ ಬಾಗಿಲು ನೋಡಿದೆ, ಕೋಪ ಮಾಡಿಕೊಳ್ಳುವ ಮುಖ ನನಗೂ ಇಲ್ಲ.

ನಾನು ಪಾಚಿಯ ಬಾಟಲಿಗಳನ್ನು ನೋಡಿಯೇ ಇರಲಿಲ್ಲ. ಮೂರು ವಾರದ ಹದಿನೆಂಟು ಬಾಟಲಿಗಳನ್ನು ಸುತ್ತಿದ ಕಾಗದ ಬಿಚ್ಚದೆ, ಮುಚ್ಚಳ ತೆಗೆಯದೆ ಬೀರುವಿನಲ್ಲಿ ಸಾಲಾಗಿ ಇಟ್ಟಿದ್ದೆ. ಹುಳುಗಳ ಲೆಕ್ಕ ಅಷ್ಟು ಚೆನ್ನಾಗಿತ್ತು, ಪಾಚಿ ಸರಿಯಿಲ್ಲದೆ ಎಲ್ಲಿ ಹೋಗುತ್ತದೆ ಎಂದುಕೊಂಡೆ. "ಸರಿಯಾಗಿದೆ" ಎಂದು ಎರಡು ಸಲ ನಿಮಗೆ ಸುಳ್ಳು ಬರೆದೆ. ವರದಿಗೆ ಅಂಕಿ ಬೇಕಾಗಿ ಹೋದ ಬುಧವಾರ ತೆಗೆದೆ. ಮಾರ್ಚ್ 9ರ ಪೆಟ್ಟಿಗೆಯದ್ದೇ ಹಸಿರು. ಹನ್ನೆರಡನೇ ತಾರೀಖು ಒಂದು ಬಾಟಲಿ ತೆಗೆದಿದ್ದರೂ ನೀವು ಅವತ್ತೇ ಸಿಕ್ಕಿಬೀಳುತ್ತಿದ್ದಿರಿ, ಹಳ್ಳ ಉಳಿಯುತ್ತಿತ್ತು.

ಹುಳುವನ್ನು ಕೊಲ್ಲುವಷ್ಟು ವಿಷ ಮನುಷ್ಯರಿಗೆ ಏನು ಮಾಡುತ್ತದೆಂದು ನನಗೆ ಗೊತ್ತಿಲ್ಲ. ಗೊತ್ತಾಗುವ ತನಕ ಆ ನೀರು ಯಾರ ಮನೆಯ ನಲ್ಲಿಗೂ ಹೋಗಕೂಡದು. ಎಲ್ಲ ಹೇಳುವ ಧೈರ್ಯವಾಗದೆ ಮುಖ್ಯಸ್ಥರಿಗೆ ಇಷ್ಟೇ ಹೇಳಿದೆ: ಒಂದನೇ ಕಾಲುವೆಯ ಮೇಲೆ ಅನುಮಾನವಿದೆ. ಅವರು, "ಅನುಮಾನಕ್ಕೆಲ್ಲ ವಾಲ್ವ್ ನಿಲ್ಲಲ್ಲ. ಗುರುವಾರ ನೀರಿನ ಕಚೇರಿಯವರು ಕಾಲುವೆ ನೋಡೋಕೆ ಬರ್ತಾರೆ, ಅವರೇ ನೋಡ್ಲಿ" ಎಂದರು.

ಅಲ್ಲಿಯ ತನಕ ಒಂದನೇ ಕಾಲುವೆಯನ್ನು ಮುಟ್ಟಬೇಡಿ. ಹುಳು ತರಬೇಡಿ, ಪಾಚಿ ಉಜ್ಜಬೇಡಿ, ಕಸ ಕೂಡ ತೆಗೆಯಬೇಡಿ. ನಿಮ್ಮ ಕೈ ಸುಮ್ಮನಿರುವುದಿಲ್ಲ, ಗೊತ್ತು. ಕಟ್ಟಿಹಾಕಿಕೊಳ್ಳಿ.

ಗುಬ್ಬಿ


ಏಪ್ರಿಲ್ 2, ಗುರುವಾರ

ಗುಬ್ಬಿಗೆ,

ಮೂವರು ಬಂದಿದ್ದರು. ಇಬ್ಬರು ಇಂಜಿನಿಯರ್‌ಗಳು, ಒಬ್ಬರು ದೊಡ್ಡ ಸಾಹೇಬರು. ಸಾಹೇಬರು ಕಾಲುವೆಗಳ ಮೇಲೆ ಬಗ್ಗಿ ನೋಡಿ, ಒಂದನೆಯದರ ಹತ್ತಿರ ನಿಂತು, "ಇದೇ ಅಲ್ವಾ ಶುದ್ಧ ನೀರಿಂದು? ಎಷ್ಟು ಹಸಿರಾಗಿದೆ ನೋಡ್ರಿ, ಕಣ್ಣಿಗೇ ತಂಪು" ಎಂದರು. ಇಬ್ಬರೂ ತಲೆಯಾಡಿಸಿದರು. ಒಬ್ಬ ಫೋಟೋ ತೆಗೆದ.

ನಾನು ಹೇಳಿದೆ: "ಅದೇ ಸಾರ್ ಸತ್ತಿರೋದು. ತಿನ್ನೋರು ಒಬ್ಬರೂ ಉಳಿದಿಲ್ಲ, ಅದಕ್ಕೇ ಹಸಿರು."

ಅವರಿಗೆ ನಂಬಿಕೆ ಬರಲಿಲ್ಲ. ಮೂವರನ್ನೂ ಮರಿಹಳ್ಳಕ್ಕೆ ಕರೆದುಕೊಂಡು ಹೋಗಿ ಕಲ್ಲೆತ್ತಿ ತೋರಿಸಿದೆ. ಬೋಳು ಕಲ್ಲು, ಕಂದು ಬಣ್ಣ, ಅದರ ತುಂಬ ಓಡಾಡುವ ಹುಳುಗಳು. ಸಾಹೇಬರು ಇನ್ನೊಂದು ಕಲ್ಲನ್ನು ತಾವೇ ಎತ್ತಿ ನೋಡಿದರು. "ಹಾಗಾದ್ರೆ ವರದಿಯಲ್ಲಿ ಹುಳು ಎಪ್ಪತ್ತೊಂದು ಅಂತ ಹೇಗೆ ಬಂತು?" ಎಂದರು. ನನ್ನ ಬಕೆಟ್ಟಿನ ಕತೆಯನ್ನೂ ನರ್ಸರಿಯ ಡ್ರಮ್ಮಿನ ಕತೆಯನ್ನೂ ಹೇಳಿದೆ. ನನಗಿಂತ ಅಷ್ಟು ಚಿಕ್ಕವರ ಮುಂದೆ ಕೈಕಟ್ಟಿ ನಿಂತು ಕಳ್ಳತನ ಒಪ್ಪಿಕೊಳ್ಳುವುದು ಹೇಗಿತ್ತು ಎಂದು ಕೇಳಬೇಡ.

ಆಮೇಲೆ ಇಂಜಿನಿಯರ್ ಕೇಳಿದ: "ಪಾಚಿ ಬಾಟಲಿಯಲ್ಲಿ ನಿಮ್ಮ ಮೇಡಂಗೆ ಕಾಣ್ಲಿಲ್ವಾ?"

ಅವಳ ಬಾಟಲಿಗೂ ನಾನೇ ಮೋಸ ಮಾಡಿದೆ ಎಂದೆ. ಬಿಲ್ಲೆಯ ಹಸಿರನ್ನು ಮೊದಲೇ ಉಜ್ಜಿ ಚೆಲ್ಲಿ, ಉಳಿದ ತಿಳಿಯನ್ನು ಕಳಿಸುತ್ತಿದ್ದೆ, ಅವಳು ಪಾಪ ನೋಡಿದ್ದನ್ನೇ ಬರೆದಳು ಎಂದೆ. ಬರೆದುಕೊಂಡು ಸಹಿ ಹಾಕಿಸಿಕೊಂಡರು. ಕೆಲಸದಲ್ಲಿ ಮುಂದೆ ಬರಬೇಕಾದ ವಯಸ್ಸು ನನ್ನದಲ್ಲ, ನಿನ್ನದು. ಒಳ್ಳೆಯದೇ ಮಾಡಿದೆ ಅನ್ನಿಸುತ್ತಿದೆ. ವಾಲ್ವಿನ ತೀರ್ಮಾನ ನಾಳೆ ಹತ್ತು ಗಂಟೆಗಂತೆ. ಕಾಲುವೆಯ ಬೀಗದ ಕೈ ತೆಗೆದುಕೊಂಡು ಹೋದರು.

ಮಾವ


ಏಪ್ರಿಲ್ 2, ಗುರುವಾರ

ಮಾವ,

ಹಾಲಿನ ವ್ಯಾನಿನವನನ್ನು ಕಾಡಿ ಬೇಡಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಕೈ ಸೇರಬೇಕು.

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹದಿನೆಂಟು ಬಾಟಲಿಗಳನ್ನೂ ಮುಖ್ಯಸ್ಥರ ಮೇಜಿನ ಮೇಲಿಟ್ಟು, ಹೋದ ಬುಧವಾರದ ತನಕ ಇವನ್ನು ತೆಗೆದಿರಲಿಲ್ಲ, ನೋಡದೆ ಸಹಿ ಹಾಕಿದೆ ಎಂದು ಬರೆದುಕೊಟ್ಟೆ. ಅವರು ನನ್ನನ್ನು ಕೂರಿಸಲಿಲ್ಲ. "ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದಷ್ಟೇ ಅಂದರು. ಬಾಟಲಿಗಳೂ ನನ್ನ ಕಾಗದವೂ ನಾಳೆ ಒಂಬತ್ತಕ್ಕೆ ನೀರಿನ ಕಚೇರಿಗೆ ಬರುತ್ತವೆ. ಹಸಿರು ಯಾವ ವಾರದಿಂದ ಎಂದು ಆ ಬಾಟಲಿಗಳೇ ತೋರಿಸುತ್ತವೆ. ನಮ್ಮ ಹತ್ತಿರ ಇರುವ ಗಟ್ಟಿ ಸಾಕ್ಷಿ ಅದೊಂದೇ.

ನಿಮ್ಮ ಸ್ವಭಾವ ನನಗೆ ಗೊತ್ತು, ಅದಕ್ಕೇ ಹೆದರಿಕೆ. ನನ್ನನ್ನು ಉಳಿಸಲು ಹೋಗಿ ಏನನ್ನಾದರೂ ಸೇರಿಸಬೇಡಿ. ನಿಮ್ಮ ಮಾತು ಒಂದು, ನನ್ನ ಮಾತು ಇನ್ನೊಂದು ಆದರೆ ಇಬ್ಬರೂ ಸುಳ್ಳರು ಎಂದು ಎರಡನ್ನೂ ಪಕ್ಕಕ್ಕಿಟ್ಟು, ಮೊದಲು ಹಾಕಿದ ಸಹಿಯನ್ನೇ ಹಿಡಿದು ವಾಲ್ವ್ ತಿರುಗಿಸುತ್ತಾರೆ.

ಗುಬ್ಬಿ


ಏಪ್ರಿಲ್ 3, ಶುಕ್ರವಾರ

ಗುಬ್ಬಿ,

ನೀರಿನ ಕಚೇರಿಯ ವರಾಂಡದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಕಾಗದ ಏಳೂಕಾಲಿಗೆ ಬಂತು. ಓದಿದವನು ಚಪ್ಪಲಿ ಹುಡುಕಲಾಗದೆ ನಿನ್ನ ಅತ್ತೆಯದನ್ನೇ ಮೆಟ್ಟಿಕೊಂಡು ಓಡಿದೆ. ಇಲ್ಲಿ ಒಂಬತ್ತೂವರೆಯ ತನಕ ಒಳಗೆ ಬಿಡಲಿಲ್ಲ. ಬಿಟ್ಟಾಗ ಸಾಹೇಬರ ಮೇಜಿನ ಮೇಲೆ ನಿನ್ನ ಬಾಟಲಿಗಳು ಸಾಲಾಗಿ ನಿಂತಿದ್ದವು. ಅವರ ಒಂದು ಕೈಯಲ್ಲಿ ನಿನ್ನ ಕಾಗದ, ಇನ್ನೊಂದರಲ್ಲಿ ನನ್ನ ನಿನ್ನೆಯ ಹೇಳಿಕೆ.

"ಹಸಿರನ್ನ ಉಜ್ಜಿ ಚೆಲ್ಲಿದೆ ಅಂದ್ರಿ. ಇಲ್ಲಿ ಬಾಟಲಿ ತುಂಬ ಹಸಿರಿದೆ. ಯಾವುದ್ರೀ ನಿಜ?" ಎಂದರು.

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಹನ್ನೆರಡು ನಿಮಿಷ. ಪಂಪ್‌ಹೌಸಿನಲ್ಲಿ ನನ್ನ ಜಾಗಕ್ಕೆ ಬಂದವನು ಫೋನ್ ಹಿಡಿದು ಕಾಯುತ್ತಿದ್ದಾನೆ ಎಂದು ಯಾರೋ ಹೇಳಿದರು. ನಿನ್ನ ಮುಖ ಕಣ್ಣ ಮುಂದೆ ಬಂತು.

"ಹುಡುಗಿ ಬರೆದದ್ದೇ ನಿಜ ಸಾರ್," ಎಂದೆ. "ಬಾಟಲಿಗೆ ನಾನು ಏನೂ ಮಾಡಿಲ್ಲ. ಅವಳು ತೆಗೆದು ನೋಡ್ಲಿಲ್ಲ. ನೋಡಿದ್ರೆ ಮೂರು ವಾರದ ಹಿಂದೇನೇ ಗೊತ್ತಾಗ್ತಿತ್ತು."

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಇಲ್ಲ ಸಾರ್."

ಸಾಹೇಬರು ಫೋನ್ ತೆಗೆದುಕೊಂಡು, ವಾಲ್ವ್ ಮುಟ್ಟಬೇಡ, ನರ್ಸರಿಯ ಹಿಂದಿನ ನೀರು ಪರೀಕ್ಷೆಯಾಗುವ ತನಕ ಬೀಗ ಹಾಕು ಎಂದರು. ಈ ಕಿವುಡನಿಗೂ ಅಕ್ಷರ ಅಕ್ಷರ ಕೇಳಿಸಿತು. ಆಮೇಲೆ ಗುಮಾಸ್ತನನ್ನು ಕರೆದು ನನ್ನ ಮಾತನ್ನು ಬರೆಸಿದರು. "ಅವಳು ತೆಗೆದು ನೋಡಲಿಲ್ಲ" ಎನ್ನುವ ಸಾಲಿನ ಕೆಳಗೆ ನನ್ನ ಸಹಿ ಇದೆ, ಗುಬ್ಬಿ. ಅದನ್ನು ಹಾಕುವಾಗ ನನ್ನ ದುಂಡಗಿನ ಅಕ್ಷರ ಸೊಟ್ಟಗಾಯಿತು. ನಿನ್ನನ್ನು ನಾನೇ ಹಿಡಿದುಕೊಟ್ಟೆ.

ಮಾವ